ಖಂಡೇನವಮಿಯ ದಿನ ಮಲಗಿದ ಲಿನಕ್ಸ್

ಮೊನ್ನೆ ಕೊಲ್ಹಾಪುರದ ಅಂಗಡಿಯಿಂದ ತಂದ ಹೊಸ ಚಾದರದ ಮಡಿಕೆ ಬಿಚ್ಚಿದೆ. ಗಂಜಿಯ ವಾಸನೆ ಮೂಗಿಗೆ ಹೊಡೆಯಿತು. ಹೀಗೆ ವಾಸನೆ ಹೊಡೆದ ಕೂಡಲೇ ಹಳೆಯದೆಲ್ಲ ಸಾಲಾಗಿ ಬಂದು ನಿಲ್ಲುತ್ತದೆಂದು ಬರೆಯುವವರನ್ನು ನಾನು ನಂಬುವುದಿಲ್ಲ. ನನಗೆ ಬಂದದ್ದು ಸಾಲಲ್ಲ, ಗದ್ದಲ. ಇಚಲಕರಂಜಿಯಲ್ಲಿ ನಮ್ಮ ಕಾಕೂ, ಅಂದರೆ ಚಿಕ್ಕಮ್ಮ, ನಡೆಸುವ ಕಾರಖಾನೆಯ ವಿದ್ಯುತ್ ಮಗ್ಗಗಳ ಖಟಖಟ, ಅದರ ನಡುವೆ ನೇಕಾರ ಮಲ್ಲಪ್ಪನ ಬೈಗುಳ. ಮಲ್ಲಪ್ಪನ ತಲೆಗೆ ನೆನಪು ಒಂದು ಬಿಳಿ ಟೋಪಿಯನ್ನೂ ಇಡುತ್ತಿದೆ. ದಯವಿಟ್ಟು ಅದನ್ನು ತೆಗೆದುಬಿಡಿ. ಆ ಟೋಪಿ ಗಡಹಿಂಗ್ಲಜದ ಬಸ್ಸಿನಲ್ಲಿ ನನ್ನ ಭುಜದ ಮೇಲೆ ನಿದ್ದೆ ಮಾಡಿದ ಯಾರದೋ ಇರಬೇಕು.

ಟೋಪಿ ಸುಳ್ಳಾದರೂ ಮಲ್ಲಪ್ಪನ ಕಣ್ಣು ಮಂಜಾದದ್ದು ನಿಜ. ಓಡುವ ಮಗ್ಗದಲ್ಲಿ ಒಂದು ನೂಲು ಕಡಿದರೆ ಅವನಿಗೆ ಬೇಗ ಕಾಣುತ್ತಿರಲಿಲ್ಲ. ಬಟ್ಟೆಯ ಉದ್ದಕ್ಕೂ ಗೀರು ಬೀಳುತ್ತಿತ್ತು. "ದಸರಾ ಆದ ಮ್ಯಾಲ ಮಲ್ಲಪ್ಪನ್ನ ಕಂಡಿಕಿ ಸುತ್ತಾಕ ಕೂಡಸ್ತೇನಿ" ಎಂದಿದ್ದಳು ಕಾಕೂ. ಮೀಸೆ ಮೂಡಿದಾಗಿನಿಂದ ಮಗ್ಗ ನಡೆಸಿದವನನ್ನು ಲಾಳಿಯ ಕಂಡಿಕೆಗೆ ನೂಲು ಸುತ್ತಲು ಕೂರಿಸುವುದೆಂದರೆ ಡ್ರೈವರನನ್ನು ಕೆಳಗಿಳಿಸಿ ಬಸ್ಸು ತೊಳೆಯಲು ಹಚ್ಚಿದಂತೆ. "ಹಂಗಾದ್ರ ನಾ ನಮ್ಮೂರಿಗೆ ಹೊಕ್ಕೇನ್ರಿ" ಎಂದಿದ್ದ ಮಲ್ಲಪ್ಪ.

ಗಡಹಿಂಗ್ಲಜದಿಂದ ರಜೆಗೆ ಬಂದಿದ್ದ ನಾನು, ಕಾಲೇಜು ಓದಿದ ಬಿಸಿಯಲ್ಲಿ, ಮಾತು ಕೊಟ್ಟುಬಿಟ್ಟೆ. ಅಂಗೈಯಗಲದ ಒಂದು ಬೋರ್ಡು, ಅದಕ್ಕೊಂದು ಕ್ಯಾಮೆರಾ. ನೂಲು ಕಡಿದರೆ ಅದೇ ನೋಡಿ ಕೆಂಪು ದೀಪ ಹಚ್ಚುತ್ತದೆ. ಮಲ್ಲಪ್ಪ ಮಗ್ಗದಲ್ಲೇ ಉಳಿಯುತ್ತಾನೆ.

ಬೋರ್ಡಿನೊಳಗೆ ನಡೆಯುವುದು ಲಿನಕ್ಸ್. ಅದಕ್ಕೆ ಪ್ರೋಗ್ರಾಮು ತಯಾರಿಸುವ ಸಲಕರಣೆಗಳಿಗೂ ಲಿನಕ್ಸೇ ಬೇಕು. ಆಫೀಸಿನಲ್ಲಿದ್ದ ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಇತ್ತು, ಅದರಲ್ಲಿ ಕಾಕೂನ ಬಿಲ್ಲುಗಳಿದ್ದವು. ಅದನ್ನು ಅಳಿಸುವ ಮಾತೆತ್ತಿದಾಗ ಕಾಕೂ ನನ್ನ ಮುಂದಿನ ಊಟದ ತಾಟನ್ನೇ ಎತ್ತಿಕೊಂಡಳು. ಆದ್ದರಿಂದ ವಿಂಡೋಸಿನ ಹೊಟ್ಟೆಯಲ್ಲಿ ಒಂದು ಸುಳ್ಳು ಕಂಪ್ಯೂಟರು ಮಾಡಿ, ಅದರಲ್ಲಿ ಲಿನಕ್ಸ್ ಹಾಕಿ, ಅದರೊಳಗೆ ಸಲಕರಣೆಗಳನ್ನು ಕಟ್ಟಲು ಕೂತೆ. ವಿಂಡೋಸ್ ಆಗಾಗ ಅಪ್‌ಡೇಟಿನ ನೆಪ ತೆಗೆದು ತಾನೂ ಮಲಗಿ ಒಳಗಿನವನನ್ನೂ ಸಾಯಿಸುತ್ತಿತ್ತು. ಮತ್ತೆ ಮೊದಲಿನಿಂದ. ಕೊನೆಗೊಮ್ಮೆ ಕೆಲಸ ಅರ್ಧ ದಾಟಿತು. ಆಗ ಖಂಡೇನವಮಿ ಬಂತು.

ಆ ದಿನ ಕಾರಖಾನೆಯಲ್ಲಿ ಒಂದು ಸ್ಕ್ರೂಡ್ರೈವರೂ ಅಲುಗಬಾರದು. ಎಲ್ಲ ಯಂತ್ರ ನಿಲ್ಲಿಸಿ, ಒರೆಸಿ, ಕುಂಕುಮ ಹಚ್ಚಿ ಪೂಜೆ. ಕಾಕೂ ಆರತಿ ತಟ್ಟೆ ಹಿಡಿದು ಆಫೀಸಿಗೆ ಬಂದಳು, ಹಿಂದೆ ಹೂವಿನ ಬುಟ್ಟಿ ಹೊತ್ತ ಮಲ್ಲಪ್ಪ.

"ಬಂದ್ ಮಾಡು."

"ಕಾಕೂ, ಒಳಗೊಂದು ಮಷೀನ್ ನಡದೈತಿ. ಬಂದ್ ಮಾಡಿದ್ರ ಎಲ್ಲಾ ಹಾಳಾಗ್ತೈತಿ."

"ಹಂಗಾರ ಅದಕ್ಕೂ ಕುಂಕಮ ಹಚ್ಚೂಣು. ಎಲ್ಲೈತಿ, ತೋರ್ಸು."

"ಹಚ್ಚಾಕ ಬರೂದಿಲ್ಲ. ಅದು ಖರೇ ಮಷೀನ್ ಅಲ್ಲ, ಬರೇ ಒಂದು ಫೈಲ್."

ಕಾಕೂ ಆರತಿ ಕೆಳಗಿಟ್ಟು ಯೋಚಿಸಿದಳು. "ಫೈಲ್ ಅಂದ್ರ ಲೆಕ್ಕದ ವಹಿ ಇದ್ದಂಗ. ವಹಿ ಪೂಜಾ ದೀಪಾವಳಿಗೆ. ಅದು ಇವತ್ತ ನಡೀಲಿ ಬಿಡು. ಹೊರಗಿಂದಷ್ಟ ಬಂದ್ ಮಾಡು."

"ಬಸರಿ ನಿಂದರ್ಲಿ, ಹೊಟ್ಟ್ಯಾಗಿನ ಕೂಸು ಓಡ್ಲಿ ಅಂದಂಗಾತಲ್ರಿ ಅಕ್ಕಾರ!" ಎಂದ ಮಲ್ಲಪ್ಪ.

"ನೀ ಸುಮ್ಮ ಹೂವು ಹಿಡಿ. ನಿನ್ನ ಸಲುವಾಗೇ ಇಷ್ಟೆಲ್ಲಾ ನಡದೈತಿ."

ಹುಡುಕಾಡಿದ ಮೇಲೆ ತಿಳಿಯಿತು, ಒಳಗಿನ ಯಂತ್ರವನ್ನು ಇದ್ದಂತೆಯೇ ಮಲಗಿಸಬಹುದು. ಮಲಗಿಸಿದೆ. ಹೊರಗಿನದನ್ನು ನಿಲ್ಲಿಸಿದೆ. ಪರದೆಗೆ ಚೆಂಡುಹೂವಿನ ಮಾಲೆ, ಮೌಸಿಗೆ ಎರಡು ಎಸಳು. ಮರುದಿನ ಎಬ್ಬಿಸಿದಾಗ ಅದು ನಿಂತಲ್ಲಿಂದಲೇ ಮುಂದುವರಿಯಿತು. ಅದರ ಗಡಿಯಾರದ ಪ್ರಕಾರ ಖಂಡೇನವಮಿಯ ಪೂಜೆ ಇನ್ನೂ ಆಗಿಯೇ ಇರಲಿಲ್ಲ. ಆರತಿಯೂ ಇಲ್ಲ, ಬಸರಿಯೂ ಇಲ್ಲ. ವಿಂಡೋಸಿನ ಕಡೆಯಿಂದ ಕೊಟ್ಟ ಹೊಸ ಫೈಲುಗಳನ್ನು ನೋಡಿ, ಇವುಗಳ ತಾರೀಖು ನಾಳೆಯದು, ಇವು ಇನ್ನೂ ಹುಟ್ಟಿಲ್ಲವೆಂದು ತಕರಾರು ತೆಗೆಯಿತು. ಅಷ್ಟು ಅಚ್ಚುಕಟ್ಟಾದ ನೆನಪನ್ನು ನಾನು ಕಂಡದ್ದು ಅದೇ ಮೊದಲು. ಗಡಿಯಾರ ತಿದ್ದಿದೆ.

ಅದೇ ವಾರ ಬೋರ್ಡನ್ನು ಮಲ್ಲಪ್ಪನ ಮಗ್ಗಕ್ಕೆ ಕಟ್ಟಿದೆವು. ಕಾಕೂ ಕತ್ತರಿಯಿಂದ ತಾನೇ ಒಂದು ನೂಲು ಕಡಿದಳು. ಕೆಂಪು ದೀಪ ಹತ್ತಿತು. ನಾನು ಚಪ್ಪಾಳೆ ಹೊಡೆದೆ. ಬೇರೆ ಯಾರೂ ಹೊಡೆಯಲಿಲ್ಲ. ಉಳಿದ ನೇಕಾರರೆಲ್ಲ ದೀಪ ಬಿಟ್ಟು ಮಲ್ಲಪ್ಪನ ಕಣ್ಣನ್ನೇ ನೋಡತೊಡಗಿದರು. ಅವನು ಹೆಗಲ ಮೇಲಿನ ಟವೆಲು ತೆಗೆದು ದೀಪದ ಮೇಲೆ ಹಾಕಿದ.

"ನನ್ನ ಮಗ್ಗಕ್ಕಷ್ಟ ಯಾಕ್ರಿ ದೀಪ? ನಾ ಏನ ಸತ್ತೇನೇನು?"

ಚಪ್ಪಲಿ ಮೆಟ್ಟಿ ಬಾಗಿಲ ಕಡೆ ಹೊರಟ. ನನ್ನ ಸಲಕರಣೆಗಳಲ್ಲಿ ಇದಕ್ಕೆ ಯಾವುದೂ ಇರಲಿಲ್ಲ. ಕಾಕೂ ಅವನ ಕಡೆ ತಿರುಗದೆ, ಇಡೀ ಕಾರಖಾನೆಗೆ ಕೇಳುವಂತೆ ನನ್ನ ಮೇಲೆ ಕೂಗಿದಳು.

"ಉಳದ ಮಗ್ಗಕ್ಕ ಯಾವಾಗ ಹಚ್ತಿಯೋ?"

"ಎಲ್ಲಾದಕ್ಕೂ?"

"ಮತ್ತ? ಒಂದಕ್ಕ ಹಚ್ಚಿ ಕೈ ಮುಗ್ಯಾಕ ಇದೇನು ದೇವರ ಖೋಲಿ ಐತೇನು?"

ಮಲ್ಲಪ್ಪ ಬಾಗಿಲಲ್ಲಿ ನಿಂತ. ಚಪ್ಪಲಿ ಬಿಟ್ಟ. ನನ್ನ ಮುಂದಿನ ರಜೆಗಳೆಲ್ಲ ಉಳಿದ ಮಗ್ಗಗಳಿಗೆ ದೀಪ ಕಟ್ಟುವುದರಲ್ಲೇ ಹೋದವು.

ಇದನ್ನು ಬರೆಯುತ್ತ, ಒಂದೆರಡು ಸಂಗತಿ ಖಾತ್ರಿ ಮಾಡಿಕೊಳ್ಳೋಣವೆಂದು ಇವತ್ತು ಕಾಕೂಗೆ ಫೋನ್ ಮಾಡಿದೆ. ಆಕೆ ಫೋನನ್ನು ಮಲ್ಲಪ್ಪನ ಕೈಗೆ ಕೊಟ್ಟಳು. ದೀಪದಿಂದ ಉಪಯೋಗವಾಯಿತೇ ಎಂದು ಕೇಳಿದೆ.

"ಭಾಳ ಆಗೇತ್ರಿ. ಬಾಜೂ ಮಗ್ಗದಾಂವ ಅದಾನಲ್ರಿ, ಹರೇದಾಂವ, ಅವನ ದೀಪ ನಂದಕ್ಕಿಂತ ಹೆಚ್ಚಿಗಿ ಹತ್ತತೈತಿ. ಪಾಪ, ಅವನ ಕಣ್ಣ ಯಾರಿಗರೆ ತೋರ್ಸ್ರಿ."

"ಮತ್ತ ನಿಮ್ಮ ಕಣ್ಣ?"

"ನನ್ನ ಕಣ್ಣಿಗೇನ ಧಾಡಿ ಆಗೇತ್ರಿ? ಅವನ ದೀಪ ಇಲ್ಲಿಂದ ಕಾಣಾಕತ್ತೈತಲ್ಲ!"

ಈ ಬರಹದಲ್ಲಿ ನನ್ನ ಜಾಣತನದ ಬಗ್ಗೆ ಒಂದು ಪ್ಯಾರಾ ಇತ್ತು. ಫೋನಿಟ್ಟು ಬಂದು ಅಳಿಸಿದೆ.