ಬಡ್ತಿಯ ಒಂದು ಸಾಲಿನ ನಿಯಮ

ಹದಿನೇಳನೆಯ ಸಾಲಿನ ಕೊನೆಗೆ ಒಂದು ಚುಕ್ಕೆ ಇರಲಿಲ್ಲ.

ಅಷ್ಟಕ್ಕೇ ಮೂರು ದಿನ ಹೋಯಿತು. ತಪ್ಪು ಎಲ್ಲಿದೆ ಎಂದು ಸಾಫ್ಟ್‌ವೇರ್ ಹೇಳಲಿಲ್ಲ. 'ಇಲ್ಲ' ಎಂದಷ್ಟೇ ಹೇಳಿತು. (ಯಾವುದೋ ಕಚೇರಿಯ ಕೌಂಟರಿನಲ್ಲಿ ತರಬೇತಿ ಪಡೆದಿರಬೇಕು.)

ನನ್ನ ಎಂ.ಟೆಕ್ ಪ್ರಾಜೆಕ್ಟಿಗೆ ಗಂಟುಬಿದ್ದ ಸಾಫ್ಟ್‌ವೇರ್ ಇದು. ಇದಕ್ಕೆ ನಾವು ನಿಯಮ ಬರೆದುಕೊಡಬೇಕಿಲ್ಲ. ಉದಾಹರಣೆ ಕೊಡಬೇಕು: ಇದು ಹೌದು, ಇದು ಅಲ್ಲ. ಜೊತೆಗೆ ನಮಗೆ ಗೊತ್ತಿರುವ ಸಂಗತಿಗಳ ಪಟ್ಟಿ. ನಿಯಮವನ್ನು ಅದೇ ಕಂಡುಹಿಡಿಯುತ್ತದೆ. ಮೊದಲ ಪಾಠ, ಅಜ್ಜ ಎಂದರೆ ಯಾರು? ಹತ್ತು ಉದಾಹರಣೆ ನುಂಗಿ ಅದು ಘೋಷಿಸಿತು: ಅಪ್ಪನ ಅಪ್ಪ, ಇಲ್ಲವೇ ಅವ್ವನ ಅಪ್ಪ. ಇಷ್ಟಕ್ಕೆ ಕಂಪ್ಯೂಟರ್ ಬೇಕಿತ್ತೇ?

"ಉತ್ತರ ಗೊತ್ತಿಲ್ಲದ ಪ್ರಶ್ನೆ ಕೊಟ್ಟು ನೋಡಿ," ಎಂದರು ಗೈಡ್.

ಅಂಥ ಪ್ರಶ್ನೆ ಮನೆಯಲ್ಲೇ ಇತ್ತು. ಅಪ್ಪನಿಗೆ ಬಡ್ತಿ ಯಾಕೆ ಸಿಗುತ್ತಿಲ್ಲ?

ಅಪ್ಪ ಬಾಲಾನಗರದ ಒಂದು ಖಾಸಗಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್. (ಹೆಸರು ಕೇಳಬೇಡಿ, ಹೇಳುವುದಿಲ್ಲ.) ಈಗಿನ ಮ್ಯಾನೇಜರ್ ಬಂದ ಎಂಟು ವರ್ಷಗಳಲ್ಲಿ ಐದು ಜನ ಫೋರ್‌ಮನ್ ಆದರು. ಅಪ್ಪನೂ ಸೇರಿ ಆರು ಜನ ಆಗಲಿಲ್ಲ. ದಸರೆ ರಜೆ ಮುಗಿದ ಕೂಡಲೇ ಮತ್ತೊಂದು ಪಟ್ಟಿ ಬರುವುದಿತ್ತು. ಅಪ್ಪನ ಪಾಲಿಗೆ ಅದೇ ಕೊನೆಯದು. ಮುಂದಿನ ದಸರೆಯ ಹೊತ್ತಿಗೆ ಅವರು ನಿವೃತ್ತರು.

ಚುಕ್ಕೆ ಸಿಕ್ಕಿದ್ದು ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ. ಹನ್ನೊಂದು ಹೆಸರು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು.

"ನನ್ನ ಹೆಸರು ಸಣ್ಣ ಅಕ್ಷರದಾಗ ಯಾಕ ಬರದೀಯವಾ?"

"ದೊಡ್ಡ ಅಕ್ಷರ ಹಾಕಿದ್ರ 'ಯಾರರೆ ಒಬ್ಬರು' ಅಂತ ತಿಳಕೊಂತೈತಿ ಅಪ್ಪಾ."

"ನಮ್ಮ ಕಾರ್ಖಾನ್ಯಾಗೂ ಹಂಗ ತಿಳಕೊಂಡಾರ ಬಿಡು."

ಸಂಗತಿಗಳನ್ನು ಅಪ್ಪನೇ ಹೇಳಿದರು. ಯಾರದು ಡಿಪ್ಲೊಮಾ, ಯಾರದು ಎಷ್ಟು ವರ್ಷದ ಸರ್ವಿಸ್, ಯಾರು ರಜೆ ಹಾಕುವುದಿಲ್ಲ, ಯಾರು ನೈಟ್ ಶಿಫ್ಟ್ ಎಂದರೆ ಇಲ್ಲವೆನ್ನುವುದಿಲ್ಲ. ಸಾಫ್ಟ್‌ವೇರ್ ಎಲ್ಲವನ್ನೂ ಮೇಯ್ದು, ಗೆದ್ದ ಐದು ಹೆಸರುಗಳನ್ನೇ ನಮಗೆ ವಾಪಸು ಕೊಟ್ಟಿತು. ಅಂದರೆ, ಅವರಿಗೆ ಬಡ್ತಿ ಸಿಕ್ಕಿದ್ದು ಯಾಕೆ? ಸಿಕ್ಕಿತು, ಅದಕ್ಕೆ. ಯಾವ ಆಡಳಿತ ಮಂಡಳಿ ಇಷ್ಟು ಪ್ರಾಮಾಣಿಕವಾಗಿ ಮಾತಾಡಿದೆ?

ಅರಿಶಿನ-ಕುಂಕುಮದ ತಟ್ಟೆ ಹಿಡಿದು ಅವ್ವ ಬಾಗಿಲಲ್ಲಿ ನಿಂತಿದ್ದರು. ಪೂಜೆಗೆ ಕಂಪ್ಯೂಟರೊಂದೇ ಬಾಕಿ.

"ಮುಖ್ಯದ್ದ ಬರದಿಲ್ಲಲ್ಲ ನೀವು? ದಸರಾಕ್ಕ ಬನ್ನಿ ಕೊಡಾಕ ಆ ಮ್ಯಾನೇಜರ್ ಮನಿಗೆ ಯಾರ್ಯಾರು ಹೋಗ್ಯಾರ, ಅದನ್ನ ಹಾಕು."

ಇಲ್ಲಿಯ ತೆಲುಗರು ಬನ್ನಿಗೆ ಜಮ್ಮಿ ಎನ್ನುತ್ತಾರೆ. ಎಲೆ ಅದೇ, ಕೊಡುವ ಪದ್ಧತಿಯೂ ಅದೇ. ಯಾರು ಹೋದರು, ಜೊತೆಗೆ ಯಾವ ಸಿಹಿ ಒಯ್ದರು ಎಂಬುದೆಲ್ಲ ಅವ್ವನಿಗೆ ಬಾಯಿಪಾಠ. (ಅವರವರ ಹೆಂಡಂದಿರೇ ಹೇಳಿಕೊಂಡಿದ್ದು.)

ಎರಡು ಸೆಕೆಂಡ್. ಒಂದೇ ಸಾಲು. ಬನ್ನಿ ಹಿಡಿದು ಮ್ಯಾನೇಜರರ ಮನೆಗೆ ಹೋದವನಿಗೆ ಬಡ್ತಿ. ಹನ್ನೊಂದಕ್ಕೆ ಹನ್ನೊಂದೂ ಸರಿ.

ಅರ್ಹತೆ, ಅನುಭವ, ಶಿಸ್ತು ಎಂದು ವರ್ಷಕ್ಕೊಂದು ಸುತ್ತೋಲೆ ಹೊರಡಿಸುವ ಬದಲು ಇದನ್ನೇ ನೋಟಿಸ್ ಬೋರ್ಡಿಗೆ ಅಂಟಿಸಿದ್ದರೆ ಎಷ್ಟು ಜನರ ನಿದ್ದೆ ಉಳಿಯುತ್ತಿತ್ತು! ನಿಮ್ಮ ಆಫೀಸಿನ ಸಾಲು ಯಾವುದು?

"ನೋಡಿದ್ರಿಲ್ಲೋ? ನಾಳೆ ನಾಕು ಎಲಿ ಹಿಡಕೊಂಡು ಹೋಗಿ ಬರ್ರಿ," ಎಂದರು ಅವ್ವ.

"ನಾ ಹೋಗೂದಿಲ್ಲ. ಸಣ್ಣವರು ದೊಡ್ಡವರ ಮನಿಗೆ ಬನ್ನಿ ತರಬೇಕು. ಅಂವ ನನಕಿಂತ ಆರು ವರ್ಷ ಸಣ್ಣಾಂವ. ಅಂವ ಬರಬೇಕು."

"ಮ್ಯಾನೇಜರ್ ರೀ ಅಂವ!"

"ಕಾರ್ಖಾನ್ಯಾಗ ಮ್ಯಾನೇಜರ್. ದಸರಾಕ್ಕ ಸಣ್ಣಾಂವನ."

ಪ್ರತಿ ದಸರೆಯ ಸಂಜೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಂಟು ಗಂಟೆಯವರೆಗೆ ಎಲ್ಲಿಗೂ ಹೋಗದೆ ಬಾಗಿಲ ಕಡೆ ಮುಖ ಮಾಡಿ ಕೂಡುತ್ತಿದ್ದುದು ಯಾಕೆಂದು ನನಗೆ ಆಗ ಹೊಳೆಯಿತು. ಎಂಟು ದಸರೆ. ನಾನು ಬಾಗಿಲ ಪಕ್ಕದ ಟಿ.ವಿ. ನೋಡಲಿಕ್ಕೆ ಅಂದುಕೊಂಡಿದ್ದೆ. ನಿಯಮ ಕಲಿಯುವ ಸಾಫ್ಟ್‌ವೇರಿಗೆ ಇಷ್ಟು ದುಡ್ಡು ಸುರಿದವರು, ಅದು ಮನೆಯವರಿಗೂ ಕಲಿಸುತ್ತದೆ ಎಂದು ಮ್ಯಾನ್ಯುಯಲ್ಲಿನಲ್ಲಿ ಬರೆದಿಲ್ಲ.

"ನೀನು ಬರಬೇಕಪಾ ಅಂತ ಆತಗ ಯಾರರೆ ಹೇಳ್ಯಾರೇನು?" ಅವ್ವ ಬಿಡಲಿಲ್ಲ.

"ಹೇಳಿ ಕರಸ್ಕೊಂಡ್ರ ಅದೇನು ಮರ್ಯಾದಿ?" ಅಪ್ಪ ಎದ್ದು ಹೋದರು. ಅವ್ವ ಮಾನಿಟರಿಗೆ ಕುಂಕುಮ ಹಚ್ಚಿ ಕೈಮುಗಿದರು.

ಮರುದಿನ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ನಾನು ಮ್ಯಾನೇಜರರ ಮನೆಗೆ ಫೋನ್ ಮಾಡಿದೆ. ತೆಲುಗಿನಲ್ಲಿ ಹಬ್ಬದ ಶುಭಾಶಯ ಹೇಳಿದೆ. ನಮ್ಮ ತಂದೆ ನಿಮಗಿಂತ ಆರು ವರ್ಷ ಹಿರಿಯರು, ಜಮ್ಮಿ ತರುವ ಕಿರಿಯರಿಗಾಗಿ ಸಂಜೆ ಎಂಟರವರೆಗೆ ಮನೆಯಲ್ಲೇ ಇರುತ್ತಾರೆ ಎಂದೆ.

ಲಿಂಗಂಪಲ್ಲಿ ಸ್ಟೇಷನ್ನಿನಿಂದ ನಮ್ಮ ಮನೆಗೆ ಬರುವ ದಾರಿಯನ್ನು ನಿಧಾನವಾಗಿ, ಎರಡು ಸಲ ಹೇಳಿದೆ.