ಸಿನಿಮಾ ಕುದುರೆಗಳ ಡಾಕ್ಟ್ರಕ್ಕ

ಎಲ್ಲರೂ ಸಿನಿಮಾದಲ್ಲಿ ನಾಯಕನ ಮುಖ ನೋಡಿದರೆ ನಮ್ಮ ಡಾಕ್ಟ್ರಕ್ಕ ಕುದುರೆಯ ಕಾಲು ನೋಡುತ್ತಿದ್ದರು. ಹಾಲಿನ ಗಾಡಿ ಎಳೆದು ಸವೆದ ಮುದಿ ಕುದುರೆಯೊಂದು ಅದು ಹೇಗೋ ದೊಡ್ಡ ರೇಸಿಗೆ ಬಂದು ಶ್ರೀಮಂತರ ಕುದುರೆಗಳನ್ನೆಲ್ಲ ಹಿಂದೆ ಹಾಕುತ್ತಿದೆ, ಇನ್ನೇನು ಗೆಲ್ಲಬೇಕು, ನಾವು ಇಪ್ಪತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದೇವೆ. ಅಷ್ಟರಲ್ಲಿ ಡಾಕ್ಟ್ರಕ್ಕ ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿಬಿಡುತ್ತಿದ್ದರು. ಎದ್ದು ಹೋಗಿ, ಗೋಡೆಯ ಮೇಲಿನ ಕುದುರೆಯ ಮುಂಗಾಲಿಗೆ ಬೆರಳು ಹಚ್ಚಿ, "ಇಲ್ಲಿ ನೋಡ್ರಿ, ಎಡಗಾಲು ನೆಲಕ್ಕ ಊರಿದಾಗೆಲ್ಲಾ ತಲಿ ಮ್ಯಾಲೆ ಎತ್ತಾಕತ್ತೈತಿ. ನೋವೈತಿ ಅದಕ್ಕ. ಲಾಳ ಸರಿ ಕೂತಿಲ್ಲ" ಎನ್ನುತ್ತಿದ್ದರು. ಆ ಕುದುರೆ ಸತ್ತು ಅರವತ್ತು ವರ್ಷವಾದರೂ ಆಗಿದ್ದೀತು. ಡಾಕ್ಟ್ರಕ್ಕನಿಗೆ ಈಗಲೂ ಅದರ ಲಾಳದ ಚಿಂತೆ.

ಈ ಪರದೇಶದ ಪುಚೊಂಗಿನಲ್ಲಿ ನಮ್ಮ ಕಾಂಡೊದ, ಎಂದರೆ ಅಪಾರ್ಟ್‌ಮೆಂಟಿನ, ಕೆಳಗೆ ಒಂದು ಸಣ್ಣ ಹಾಲ್ ಇದೆ. ಶನಿವಾರ ಮಧ್ಯಾಹ್ನ ಅದು ನಮ್ಮ ಏಳೆಂಟು ಕನ್ನಡದ ಮನೆಗಳ ಚಿತ್ರಮಂದಿರ. ಚಿತ್ರಗಳನ್ನು ತರುವವರು ಡಾಕ್ಟ್ರಕ್ಕ. ಎಲ್ಲವೂ ಹಳೆಯ ಹಾಲಿವುಡ್ ಹಾಸ್ಯ, ಹೆಚ್ಚಿನವು ಕಪ್ಪು ಬಿಳುಪು, ಮತ್ತು ಎಲ್ಲದರಲ್ಲೂ ಒಂದು ಪ್ರಾಣಿ ಒಂದು ಆಟ ಆಡಲೇಬೇಕು. ಆಡು ಬೇಸ್‌ಬಾಲ್ ಆಡುತ್ತದೆ. ಬಾತುಕೋಳಿ ಗಾಲ್ಫ್ ಚೆಂಡನ್ನು ಕುಳಿಗೆ ತಳ್ಳುತ್ತದೆ. ಸೀಲ್ ಈಜುವ ಪಂದ್ಯಕ್ಕೆ ಟೋಪಿ ಹಾಕಿಕೊಂಡು ಬರುತ್ತದೆ. ಅವರು ಪಶುವೈದ್ಯ ಕಾಲೇಜಿನ ಹಾಸ್ಟೆಲ್ಲಿನಲ್ಲಿದ್ದಾಗ ಯಾರೋ ಪ್ರೊಫೆಸರು ಬಿಳಿ ಬಟ್ಟೆ ಕಟ್ಟಿ ತೋರಿಸಿದ ಇಂಥದೊಂದು ಚಿತ್ರ ಹತ್ತಿಸಿದ ಹುಚ್ಚಂತೆ ಇದು. "ಪ್ರಾಣಿ ಹೀರೋ ಆಗಿದ್ದ ನಾ ಮೊದಲ ಸಲ ಅಲ್ಲೇ ನೋಡಿದ್ದು. ಅಲ್ಲೀತನಕ ನಮ್ಮ ಪುಸ್ತಕದಾಗ ಅವು ಬರೇ ಪೇಷಂಟ್ ಆಗಿದ್ವು" ಎಂದು ಹೇಳುತ್ತಿದ್ದರು.

ಅವರ ಹೆಸರು ಗಿರಿಜಾ. ಕಲಘಟಗಿ ಕಡೆಯವರು. ಅಲ್ಲಿ ಇಪ್ಪತ್ತು ವರ್ಷ ದನದ ಡಾಕ್ಟರಾಗಿದ್ದವರು, ಗಂಡ ಶಿವಾನಂದ ಮಾಮನಿಗೆ ಸೈಬರ್‌ಜಯಾದ ಡೇಟಾ ಸೆಂಟರಿನಲ್ಲಿ ಕೆಲಸವಾದಾಗ ಜೊತೆಗೆ ಬಂದರು. ಇಲ್ಲಿ ಪಶುವೈದ್ಯೆಯಾಗಿ ಕೆಲಸ ಮಾಡಲು ಬೇಕಾದ ನೋಂದಣಿ ಅವರಿಗೆ ಆಗಲಿಲ್ಲ. ಹಾಗಾಗಿ ನಿಲಾಯ್‌ನ ಕಾಲೇಜೊಂದರಲ್ಲಿ ನರ್ಸಿಂಗ್ ಮಕ್ಕಳಿಗೆ ಮನುಷ್ಯರ ಮೂಳೆಗಳನ್ನು ಕಲಿಸುತ್ತಿದ್ದರು. ಕೆಲಸ ಹೇಗಿದೆ ಅಕ್ಕಾ ಎಂದು ಒಮ್ಮೆ ಕೇಳಿದ್ದೆ. "ಏನ್ ಇರ್ತೈತಿ ಬಿಡ ತಂಗಿ. ಎರಡ ಕಾಲು, ಬಾಲ ಇಲ್ಲ. ಭಾಳ ಸಪ್ಪಗ" ಎಂದರು.

ಒಂದು ವಿಷಯ ಮಾತ್ರ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಾದ ಮಾಮಕ್ ಅಂಗಡಿಯಲ್ಲಿ ಚಹಾ ಕುಡಿಯಲು ಕೂತರೆ ಅಲ್ಲಿನ ಬೆಕ್ಕುಗಳೆಲ್ಲ ಬಂದು ಅವರ ಕಾಲಿಗೇ ಸುತ್ತುತ್ತಿದ್ದವು. ಡಾಕ್ಟ್ರಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಸುಮ್ಮನೆ ನೋಡುತ್ತಿದ್ದರು. ಪ್ರಾಣಿಯೆಂದರೆ ಪ್ರಾಣ ಬಿಡುವ ಹೆಂಗಸು ಒಂದು ಬೆಕ್ಕನ್ನೂ ಸವರುವುದಿಲ್ಲವಲ್ಲ ಎಂದು ತಡೆಯಲಾರದೆ ಕೇಳಿಯೇಬಿಟ್ಟೆ. ಅವರು ನಗಲಿಲ್ಲ.

"ಮುಟ್ಟಿದ್ರ ಹೊಟ್ಟಿ ಒತ್ತಿ ನೋಡ್ತೀನಿ. ಒತ್ತಿ ನೋಡಿದ್ರ ಔಷಧ ಬರೀತೀನಿ. ಇಲ್ಲಿ ನನಗ ಬರಿಯೂ ಹಕ್ಕಿಲ್ಲ. ಸಿಕ್ಕೊಂಡ್ರ ನನ್ನ ನೌಕರೀನೂ ಹೋತು, ನಮ್ಮ ಮನಿಯವರದೂ ಹೋತು. ಮುಟ್ಟದಿದ್ರ ಛಲೋ."

ಹನ್ನೆರಡು ವರ್ಷ ಅವರು ಒಂದು ಜೀವಂತ ಪ್ರಾಣಿಯನ್ನೂ ಮುಟ್ಟಿರಲಿಲ್ಲ. ಆ ಹಸಿವನ್ನೆಲ್ಲ ಗೋಡೆಯ ಮೇಲಿನ ಕುದುರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದರು ಎಂದು ಆಮೇಲೆ ತಿಳಿಯಿತು.

ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಆದರೂ ಡಾಕ್ಟ್ರಕ್ಕನ ಮುಂದೆ ನನ್ನ ಆಟ ನಡೆಯುತ್ತಿರಲಿಲ್ಲ. ಬೇಸ್‌ಬಾಲ್ ಆಡುವ ಆಡಿನ ಚಿತ್ರವನ್ನು ನಾನು ಮೂರು ಸಲ ನೋಡಿದ್ದೆ. ನಾಲ್ಕನೇ ಸಲ ಅವರು ನಿಲ್ಲಿಸಿ, "ಈ ಆಡು ಬ್ಯಾರೆ" ಎಂದರು. ಕೊಂಬಿನ ತಿರುವು ಬೇರೆ, ಕೆಚ್ಚಲು ಬೇರೆ. ಹುಡುಕುತ್ತಾ ಹೋದರೆ ಒಂದೇ ಆಡಿನ ಪಾತ್ರವನ್ನು ನಾಲ್ಕು ಆಡುಗಳು ಮಾಡಿದ್ದವು. "ಓಡಾಕ ಒಂದು, ನಿಲ್ಲಾಕ ಒಂದು, ಜಿಗಿಯಾಕ ಒಂದು, ಮುಖಾ ತೋರಸಾಕ ಒಂದು. ಒಂದ ಪ್ರಾಣಿ ಕಡೆ ಎಲ್ಲಾ ಮಾಡಸಬಾರದು, ದಣೀತಾವು. ಅಷ್ಟರ ಮಟ್ಟಿಗೆ ಸಿನಿಮಾದವ್ರು ಶಾಣ್ಯಾ ಅದಾರ" ಎಂದರು. ಅಂದಿನಿಂದ ಮಕ್ಕಳಿಗೆ ಕಥೆ ಬೇಡವಾಯಿತು. ಕನ್ನಡ ಕೇಳಿಸಿಕೊಂಡು, ಕೊನೆಗೆ 'ಲಾ' ಹಚ್ಚುವ ಇಲ್ಲಿನ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ನಿಧಿ, "ಆಂಟಿ, ಸ್ಟಾಪ್ ಸ್ಟಾಪ್, ದಟ್ಸ್ ಗೋಟ್ ನಂಬರ್ ತ್ರೀ ಲಾ" ಎಂದು ಕೂಗುವಳು. ಒಂದೂವರೆ ಗಂಟೆಯ ಚಿತ್ರ ಮುಗಿಯಲು ಮೂರು ಗಂಟೆ ಹಿಡಿಯುತ್ತಿತ್ತು.

ಚಿತ್ರಗಳ ತರಬೇತುದಾರರ ಮೇಲೆ ಅವರಿಗೆ ಬಲು ಸಿಟ್ಟು. ಕುದುರೆಗೆ ಕಾಲು ನೋವಿದ್ದರೆ ತರಬೇತುದಾರ ಸವಾರನನ್ನು ಬೈಯುತ್ತಾನೆ. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳಿಯೂದು ಅಂದ್ರ ಇದ ನೋಡು. ನಮ್ಮೂರಾಗ ಖರೇನ ಹಂಗ ಎಳೆದಿದ್ದ ಎಮ್ಮಿ ನನ್ನ ಹಂತ್ಯಾಕ ಬಂದಿತ್ತು" ಎನ್ನುತ್ತಿದ್ದರು. ಗಾದೆಯನ್ನು ಗಾಯ ಕಟ್ಟಿದವರ ಬಾಯಲ್ಲೇ ಕೇಳುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು?

ಸಿನಿಮಾ ಮುಗಿದ ಮೇಲೆ ಮಕ್ಕಳು ಕ್ರಿಕೆಟ್ ಆಡುತ್ತಿದ್ದುದು ಗೇಟಿನ ಎದುರಿನ ಖಾಲಿ ಜಾಗದಲ್ಲಿ, ಸೆಲ್ವಿ ಅಕ್ಕನ ಬಾಳೆಎಲೆ ಊಟದ ಅಂಗಡಿಯ ಹಿಂದೆ. ಅಲ್ಲೊಂದು ಕಂದು ನಾಯಿ ಇತ್ತು. ಸೆಲ್ವಿ ಅಕ್ಕ ಹಾಕಿದ ಅನ್ನ ತಿಂದು, ವಿಕೆಟ್ಟಿನ ಹಿಂದೆ ಗಂಭೀರವಾಗಿ ನಿಂತು ಆಟ ನೋಡುತ್ತಿತ್ತು. ಅದಕ್ಕೇ ಮಕ್ಕಳು ಅಂಪೈರ್ ಎಂದು ಹೆಸರಿಟ್ಟಿದ್ದರು. ಆಡಿನ ಚಿತ್ರ ನೋಡಿದ ವಾರ ಡಾಕ್ಟ್ರಕ್ಕನ ತಲೆಗೆ ಹುಳು ಹೊಕ್ಕಿತು. ಒಂದೂವರೆ ತಿಂಗಳು, ಒಂದು ಸಲವೂ ಮುಟ್ಟದೆ, ಬರೀ ದನಿಯಲ್ಲಿ, ಕೈಸನ್ನೆಯಲ್ಲಿ, ದೂರದಿಂದ ಎಸೆದ ಚಪಾತಿ ಚೂರುಗಳಲ್ಲಿ ಅಂಪೈರ್‌ಗೆ ಕ್ಯಾಚ್ ಹಿಡಿಯುವುದನ್ನು ಕಲಿಸಿದರು. ನಮ್ಮ ಮೈದಾನಕ್ಕೆ ಹೊಸ ನಿಯಮ ಬಂತು: ನಾಯಿ ಹಿಡಿದರೂ ಔಟ್.

ಅದಾದ ಮೇಲೆ ಒಂದು ಶನಿವಾರ ಸೈಬರ್‌ಜಯಾದ ಕನ್ನಡದವರು ನಮ್ಮ ಮೇಲೆ ಆಡಲು ಬಂದಿದ್ದರು. ಅವರ ಕಡೆ ಎಲ್ಲ ಕಟ್ಟುಮಸ್ತಾದ ಗಂಡಸರು, ನಮ್ಮ ಕಡೆ ಮಕ್ಕಳು, ಇಬ್ಬರು ಅಮ್ಮಂದಿರು ಮತ್ತು ಒಂದು ನಾಯಿ. ಆದರೂ ಪಂದ್ಯ ಕೊನೆಯ ಓವರಿಗೆ ಬಂತು. ಅವರಿಗೆ ಬೇಕಾದದ್ದು ನಾಲ್ಕು ರನ್, ಉಳಿದದ್ದು ಒಂದು ವಿಕೆಟ್, ಬೌಲಿಂಗ್ ನಮ್ಮ ನಿಧಿಯದು. ಬ್ಯಾಟ್ ಬೀಸಿದ್ದೇ ಚೆಂಡು ಸೆಲ್ವಿ ಅಕ್ಕನ ಅಂಗಡಿಯ ತಗಡಿನ ಅಂಚಿನ ಮೇಲಿಂದ ರಸ್ತೆಯ ಕಡೆಗೆ ಹಾರಿತು. ಅಂಪೈರ್ ಓಡಿತು. ಅಂಥ ಓಟ ಯಾವ ಸಿನಿಮಾದಲ್ಲೂ ನೋಡಿಲ್ಲ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಡಾಕ್ಟ್ರಕ್ಕ. "ಹಿಡಿ ಮಗನ, ಹಿಡಿ, ಬಿಡಬ್ಯಾಡ." ಅಂಪೈರ್ ಆಕಾಶಕ್ಕೆ ನೆಗೆದು ಚೆಂಡನ್ನು ಬಾಯಲ್ಲಿ ಹಿಡಿಯಿತು. ನಾವೆಲ್ಲ ಔಟ್ ಎಂದು ಅರಚಿ ಕುಣಿದೆವು. ನೆಗೆದ ರಭಸಕ್ಕೆ ನಾಯಿ ಹೋಗಿ ಬಿದ್ದದ್ದು ರಸ್ತೆಯಲ್ಲಿ. ಊಟ ತಲುಪಿಸಲು ಹೊರಟಿದ್ದ ಬೈಕಿನವನು ಪಾಪ, ಬ್ರೇಕ್ ಹಾಕಿದ, ತಾನೂ ಬಿದ್ದ. ಆದರೆ ಪೆಟ್ಟು ಬಿದ್ದಾಗಿತ್ತು.

ಹಿಂಗಾಲು ಸೊಟ್ಟಗಾಗಿ ನೇತಾಡುತ್ತಿತ್ತು. ಸೆಲ್ವಿ ಅಕ್ಕ ಓಡಿ ಬಂದು, "ಡಾಕ್ಟರಮ್ಮ, ನೀಂಗ ಪಾರುಂಗ" ಎಂದು ತಮಿಳಿನಲ್ಲಿ, ನೀವೇ ನೋಡಬೇಕೆಂದು ಬೇಡುತ್ತಾ ಅವರ ಕೈ ಹಿಡಿದಳು. ಡಾಕ್ಟ್ರಕ್ಕ ಬಗ್ಗಿದರು, ಕೈ ಚಾಚಿದರು, ಮತ್ತೆ ಹಿಂದಕ್ಕೆ ತೆಗೆದುಕೊಂಡರು. ಸುತ್ತ ಕಾಂಡೊದ ಮೂವತ್ತು ಜನ, ಎಲ್ಲರ ಕೈಯಲ್ಲೂ ಫೋನು. "ಕಾರ್ ತಗಿ ತಂಗಿ" ಎಂದಷ್ಟೇ ನನಗೆ ಹೇಳಿದರು.

ಸೆಲ್ವಿ ಅಕ್ಕನ ತೊಡೆಯ ಮೇಲೆ ನಾಯಿ, ಪಕ್ಕದಲ್ಲಿ ಡಾಕ್ಟ್ರಕ್ಕ. ಕನ್ನಡಿಯಲ್ಲಿ ನೋಡಿದೆ. ಕೈಗಳು ತೊಡೆಯ ಕೆಳಗಿದ್ದವು. "ಸಿನಿಮಾದವ್ರು ನಾಕ್ ನಾಕ್ ಇಟ್ಕೋತಾರ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಇಷ್ಟೆಲ್ಲಾ ಗೊತ್ತಿದ್ದ ನಾನು ಒಂದಕ್ಕ ಎಲ್ಲಾ ಕಲಿಸಿದೆ. ಇದ್ದದ್ದೊಂದ ನಾಯಿ." ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ಅಳು ಬಂತು, ಆದರೆ ಸಿಗ್ನಲ್ ನೋಡಬೇಕಿತ್ತು.

ಕ್ಲಿನಿಕ್ಕಿನಲ್ಲಿದ್ದದ್ದು ಒಬ್ಬಳೇ ಚಿಕ್ಕ ವಯಸ್ಸಿನ ಚೀನೀ ಡಾಕ್ಟರು. ಶಾಂತವಾಗಿ ಕಾಲು ನೋಡಿದಳು, ಮೂಳೆ ಮುರಿದಿದೆ, ಮಂಪರು ಕೊಟ್ಟು ಎಕ್ಸ್‌ರೇ ತೆಗೆಯೋಣ ಎಂದಳು. ಡಾಕ್ಟ್ರಕ್ಕ ಬಾಗಿಲ ಬಳಿಯೇ ನಿಂತು ಕಣ್ಣು ಮಿಟುಕಿಸದೆ ನಾಯಿಯನ್ನು ನೋಡುತ್ತಿದ್ದರು. ಆ ನೋಟ ಕಂಡು ಅವಳು, "ಆರ್ ಯೂ ಎ ವೆಟ್?" ಎಂದು ಕೇಳಿದಳು.

"ನೋ. ಐ ಟೀಚ್ ಬೋನ್ಸ್" ಎಂದರು ಡಾಕ್ಟ್ರಕ್ಕ.

ಹುಡುಗಿ ಸೂಜಿಗೆ ಮಂಪರಿನ ಔಷಧ ಏರಿಸಿಕೊಂಡಳು. ಅಷ್ಟೇ, ಡಾಕ್ಟ್ರಕ್ಕ ನಾಲ್ಕು ಹೆಜ್ಜೆಯಲ್ಲಿ ಮೇಜಿನ ಬಳಿ ಇದ್ದರು. ಅವರ ಇಂಗ್ಲಿಷೂ ಧಾರವಾಡದ್ದೇ, ಗಡಸು. ಕಾಲು ಹಾಗಿರಲಿ, ಮೊದಲು ಎದೆ ನೋಡಿ ಎಂದರು. ಒಸಡು ನೀಲಿಯಾಗುತ್ತಿದೆ, ಹೊಟ್ಟೆಯಿಂದ ಉಸಿರಾಡುತ್ತಿದೆ, ಎದೆಯ ಎಡಗಡೆ ಗಾಳಿ ತುಂಬಿಕೊಂಡಿದೆ, ಈಗ ಮಂಪರು ಕೊಟ್ಟರೆ ಉಳಿಯುವುದಿಲ್ಲ. ಹುಡುಗಿ ಸ್ಟೆತಾಸ್ಕೋಪ್ ಇಟ್ಟು ಕೇಳಿದಳು. ಮುಖ ಬದಲಾಯಿತು. ಸಹಾಯಕಿ ಊಟಕ್ಕೆ ಹೋಗಿದ್ದಳು.

"ಹೋಲ್ಡ್ ಹಿಮ್ ಫಾರ್ ಮೀ" ಎಂದಳು.

ಡಾಕ್ಟ್ರಕ್ಕ ಒಂದು ಗಳಿಗೆ ತಮ್ಮ ಕೈಗಳನ್ನೇ ನೋಡಿಕೊಂಡರು. ಆಮೇಲೆ ಹಿಡಿದರು. ಒಂದು ಕೈ ಕುತ್ತಿಗೆಯ ಕೆಳಗೆ, ಇನ್ನೊಂದು ಭುಜದ ಮೇಲೆ, ಕೆನ್ನೆ ನಾಯಿಯ ನೆತ್ತಿಗೆ. "ಸುಮ್ಮನಿರು ರಾಜಾ, ಸುಮ್ಮನಿರು, ಆತಿಲ್ಲೇ ಆತು" ಎಂದು ಕಿವಿಯಲ್ಲಿ ಹೇಳುತ್ತಿದ್ದರು. ಅಲ್ಲಿಯವರೆಗೆ ಒದ್ದಾಡುತ್ತಿದ್ದ ಅಂಪೈರ್ ಕಲ್ಲಿನಂತೆ ಸುಮ್ಮನಾಯಿತು. ಸೂಜಿಯಿಂದ ಎದೆಯೊಳಗಿನ ಗಾಳಿ ಹೊರಬಂತು. ಒಸಡಿಗೆ ಮತ್ತೆ ಬಣ್ಣ ಬರುವುದನ್ನು ನಾನೂ ಕಂಡೆ.

ಹುಡುಗಿ ಕೈಗವಸು ತೆಗೆಯುತ್ತಾ, "ಬೋನ್ಸ್ ಓನ್ಲಿ, ಅಹ್?" ಎಂದಳು.

ಡಾಕ್ಟ್ರಕ್ಕ ನಾಯಿಯನ್ನು ಬಿಡಲಿಲ್ಲ. ಅರ್ಧ ಗಂಟೆ ಹಾಗೇ ಹಿಡಿದುಕೊಂಡಿದ್ದರು.

ಅಂಪೈರ್ ಉಳಿಯಿತು. ಕಾಲಿಗೆ ಕಂಬಿ ಬಿತ್ತು. ಸೆಲ್ವಿ ಅಕ್ಕ ಅದನ್ನು ತನ್ನ ಮನೆಗೇ ಕರೆದುಕೊಂಡು ಹೋದಳು. ಈ ಊರಿನಲ್ಲಿ ಉಳಿಯಲಾರದೆ ಹೋದವರು ಡಾಕ್ಟ್ರಕ್ಕ. ಮುಂದಿನ ಶನಿವಾರ ಚಿತ್ರ ಹಾಕಿದರು, ಆದರೆ ಒಂದು ಸಲವೂ ನಿಲ್ಲಿಸಲಿಲ್ಲ. ಮಕ್ಕಳು ಕೇಳಿದರೆ, "ಇವಕ್ಕ ಏನ್ ಹೇಳಿದ್ರೂ ಕೇಳೂದಿಲ್ಲವಾ, ಚಿತ್ರ ಅವು" ಎಂದರು. ಆ ಸಂಜೆ ಮಾಮಕ್ ಅಂಗಡಿಯಲ್ಲಿ ಬೆಕ್ಕೊಂದನ್ನು ತೊಡೆಗೆ ಎತ್ತಿಕೊಂಡು, ಊರಿಗೆ ಹೋಗಿ ಮತ್ತೆ ದವಾಖಾನೆ ತೆರೆಯುತ್ತೇನೆ ಎಂದರು.

"ಮಾಮ?" ಎಂದೆ.

"ಇವರು ಇನ್ನೆರಡು ವರ್ಷ ಇಲ್ಲೇ ಇರ್ತಾರ. ನೀ ಹೋಗು, ನಾ ಅನ್ನಾ ಸಾರು ಮಾಡ್ಕೋತೀನಿ ಅಂದಾರ. ಅವರ ಸಾರು ನಿನಗ ಗೊತ್ತಿಲ್ಲ, ಪಾಪ ಅವರಿಗೂ ಗೊತ್ತಿಲ್ಲ."

ಹೋಗಿ ಅಕ್ಕಾ ಎಂದು ನಾನು ದೊಡ್ಡ ಮನಸ್ಸಿನಿಂದ ಹೇಳಿದೆ ಎಂದರೆ ಸುಳ್ಳಾಗುತ್ತದೆ. ಹೋಗಬೇಡಿ ಎಂದೆ, ಎರಡೆರಡು ಸಲ. ಅವರು ಬೆಕ್ಕಿನ ಹೊಟ್ಟೆ ಒತ್ತಿ ನೋಡುತ್ತಿದ್ದರು. ನನ್ನ ಮಾತು ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಅವರು ಹೋದ ಮೂರನೇ ತಿಂಗಳು ಒಂದು ಶನಿವಾರ, ಅವರನ್ನು ಅಚ್ಚರಿಗೊಳಿಸೋಣವೆಂದು ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿ, ನನ್ನ ಫೋನನ್ನು ಪ್ರೊಜೆಕ್ಟರಿಗೆ ಜೋಡಿಸಿ ವಿಡಿಯೊ ಕರೆ ಮಾಡಿದೆ. ಎತ್ತಿದವರು ಯಾರೋ ರೈತರು. ಗೋಡೆಯ ತುಂಬ ಒಂದು ಎಮ್ಮೆ ಮೂಡಿತು, ಅದರ ಹಿಂದೆ ಭುಜದವರೆಗೆ ಪ್ಲಾಸ್ಟಿಕ್ ಚೀಲ ತೊಟ್ಟ ಡಾಕ್ಟ್ರಕ್ಕ.

"ಈಗ ಬ್ಯಾಡ ತಂಗಿ. ಕೈ ಒಳಗೈತಿ" ಎಂದರು, ನಮ್ಮ ಕಡೆ ತಿರುಗದೆ.

ಕರೆ ಮುಗಿಸಲು ಹೋದೆ. ನಿಧಿ ನನ್ನ ಕೈ ಹಿಡಿದಳು. ಆ ರೈತರಿಗೂ ಕಟ್ ಮಾಡುವುದು ತಿಳಿಯಲಿಲ್ಲವೋ ಏನೋ, ಫೋನು ಹಿಡಿದುಕೊಂಡೇ ನಿಂತರು. ಕರು ಅಡ್ಡ ತಿರುಗಿತ್ತು. ಡಾಕ್ಟ್ರಕ್ಕ ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಒಳಗೇ ಅದನ್ನು ತಿರುಗಿಸುತ್ತಿದ್ದರು. ಎಮ್ಮೆ ಮುಲುಕಿತು. ಮೊದಲು ಎರಡು ಗೊರಸು ಬಂದವು, ಆಮೇಲೆ ಮೂಗು, ಆಮೇಲೆ ಒಮ್ಮೆಲೇ ಇಡೀ ಕರು ಜಾರಿ ಅವರ ತೋಳಿಗೆ ಬಂತು. ಅವರು ಅದರ ಮೂಗು ಒರೆಸಿದರು, ಎದೆ ತಿಕ್ಕಿದರು, ತಿಕ್ಕುತ್ತಲೇ ಇದ್ದರು. ಕರು ಸೀನಿತು. ಇಪ್ಪತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದೆವು.

ಅಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕರುವನ್ನು ಎತ್ತಲು ರೈತರು ಫೋನನ್ನು ಎಲ್ಲೋ ಇಟ್ಟುಬಿಟ್ಟಿದ್ದರು. ನಮ್ಮ ಗೋಡೆಯ ಮೇಲೆ ಕೊಟ್ಟಿಗೆಯ ಸೂರು ಮಾತ್ರ ಉಳಿಯಿತು, ಕೆಳಗೆಲ್ಲೋ ಡಾಕ್ಟ್ರಕ್ಕ ಜೋರಾಗಿ ನಗುತ್ತಾ, "ಹೆಣ್ಣು ಕರಾ ನೋಡ್ರಿ ಯಜಮಾನ್ರ, ಹೆಣ್ಣು ಕರಾ" ಎನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾವು ಕೇಳಿರಲಿಲ್ಲ. ನಾವು ಇನ್ನೂ ಅಲ್ಲಿದ್ದೇವೆ ಎಂಬುದನ್ನು ಅವರು ಪೂರ್ತಿ ಮರೆತಿದ್ದರು. ಹತ್ತು ನಿಮಿಷ ನಾವು ಆ ಸೂರನ್ನೇ ನೋಡುತ್ತಾ ಕೂತಿದ್ದೆವು, ಯಾರೂ ಎದ್ದು ಹೋಗಲಿಲ್ಲ.