ದಪ್ಪ ನಿಘಂಟಿನ ಪಂಡಿತ

ಕುಂಬಳಕಾಯಿಯನ್ನು ಕೊಳ್ಳುವಂತೆ ಕೈಯಲ್ಲಿ ಎತ್ತಿ ನೋಡಿ ನಿಘಂಟು ಕೊಂಡವನು ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ರಷ್ಯಾದವರು ರಾಕೆಟ್ಟು ಹಾರಿಸಿದ ಸುದ್ದಿ ದಾವಣಗೆರೆಯ ಹೋಟೆಲುಗಳಲ್ಲಿ ಕಾಫಿಗಿಂತ ಬಿಸಿಯಾಗಿದ್ದ ಕಾಲ. ಹೈಸ್ಕೂಲು ಮೇಷ್ಟರಾಗಿದ್ದ ನನಗೆ ರಷ್ಯನ್ ಕಲಿಯುವ ಹುಕಿ ಬಂತು. ಹಳೆ ಪುಸ್ತಕದ ಸಾಹೇಬರ ಅಂಗಡಿಯಲ್ಲಿ ಎರಡು ನಿಘಂಟುಗಳಿದ್ದವು, ಒಂದು ತೆಳ್ಳಗೆ, ಒಂದು ದಪ್ಪ. “ದಪ್ಪಂದು ತಗೊಳ್ರಿ ಮೇಷ್ಟ್ರೆ, ಕೈಯಾಗೆ ಹಿಡಿದ್ರೆ ಇಜ್ಜತ್ ಇರ್ತೈತೆ” ಎಂದರು. ನನಗೂ ಬೇಕಿದ್ದದ್ದು ಅದೇ.

ಮನೆಯಲ್ಲಿ ಬಿಚ್ಚಿ ನೋಡಿದರೆ ಅದು ಇಂಗ್ಲಿಷಿನಿಂದ ರಷ್ಯನ್ನಿಗೆ ಹೋಗುವ ನಿಘಂಟು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿಕೊಡುತ್ತಿತ್ತು; ಎದುರಿನವರು ಹೇಳಿದ್ದು ತಿಳಿಯಬೇಕಾದರೆ ತೆಳ್ಳನೆಯದೇ ಬೇಕಿತ್ತು. ನಾನೇನೂ ಚಿಂತಿಸಲಿಲ್ಲ. ನಮ್ಮ ಹೆಡ್‌ಮಾಸ್ತರರೂ ಊರಿಗೆ ಬರುವ ಮಂತ್ರಿಗಳೂ ಇಷ್ಟರಲ್ಲೇ ಸುಖವಾಗಿ ಕಾಲ ಹಾಕುತ್ತಿದ್ದರು.

ಸಚಿತ್ರ ಪತ್ರಿಕೆಯೊಂದರಲ್ಲಿ ಸೆರ್ಗೆಯ್ ಎಂಬ ರಷ್ಯನ್ ಮೇಷ್ಟರ ವಿಳಾಸ ಸಿಕ್ಕಿತು. ಕಾಗದ ಬರೆದೆ. ಊರು, ಕೆಲಸ ಎಲ್ಲ ಮುಗಿದರೂ ಹಾಳೆ ಉಳಿದಿತ್ತು. ಹರಿಹರದಲ್ಲಿದ್ದ ಅವ್ವ ಹೊಳೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದನ್ನೂ ಸೇರಿಸಿದೆ. ಆ ಪದಗಳು ನಿಘಂಟಿನಲ್ಲಿ ಬೇಗ ಸಿಕ್ಕವು ಎಂಬುದೇ ಕಾರಣ.

ಉತ್ತರ ಬಂತು, ರಷ್ಯನ್ನಿನಲ್ಲಿ. ಒಂದು ಪದವೂ ಅರ್ಥವಾಗಲಿಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ಆಗಲೇ ನಾನು ಪಂಡಿತ, ಮಾನ ಉಳಿಯಬೇಕಲ್ಲ. ಅಲ್ಲಿ ಗೋಧಿ ಚೆನ್ನಾಗಿ ಬಂದಿದೆಯಂತೆ, ಹಿಮ ಮೊಳಕಾಲುದ್ದ ಬಿದ್ದಿದೆಯಂತೆ ಎಂದು ಗಂಭೀರವಾಗಿ ಓದಿ ಹೇಳಿದೆ. ಮಲೆಬೆನ್ನೂರಿನ ಭತ್ತದ ಮೇಲೊಂದು, ನಮ್ಮ ಹತ್ತಿ ಗಿರಣಿಗಳ ಮೇಲೊಂದು ಉತ್ತರವನ್ನೂ ಹಾಕಿದೆ. ಹೀಗೆ ಒಂದು ವರ್ಷ ನಡೆಯಿತು.

ಅವನ ಕಾಗದಗಳು ಬರಬರುತ್ತಾ ಚಿಕ್ಕವಾದವು. ಕೊನೆಯದರಲ್ಲಿ ಒಂದೇ ಸಾಲು, ಅದರ ಕೆಳಗೆ ಎರಡು ಗೆರೆ. ಗೆರೆ ಎಳೆದದ್ದನ್ನು ಕಂಡೂ ಸುಮ್ಮನಿರುವುದು ಮೇಷ್ಟರಿಂದಾಗದ ಕೆಲಸ. ನಾಚಿಕೆ ಬಿಟ್ಟು ಸಾಹೇಬರಲ್ಲಿಗೆ ಹೋದೆ. ತೆಳ್ಳನೆಯದು ಇದ್ದಲ್ಲೇ ಇತ್ತು. ರಷ್ಯನ್ನರು ಏನು ಹೇಳುತ್ತಾರೆಂದು ತಿಳಿಯುವ ತುರ್ತು ದಾವಣಗೆರೆಯಲ್ಲಿ ಯಾರಿಗೂ ಬಂದಿರಲಿಲ್ಲ.

ಕಾಗದದ ಪದಕ್ಕೂ ನಿಘಂಟಿನ ಪದಕ್ಕೂ ಬಾಲ ಬೇರೆ ಬೇರೆ. ತಲೆ ಹಿಡಿದು ಹುಡುಕಿ ಜೋಡಿಸಿದೆ. ‘ತಾಯಿಯ ಕಾಲು ಈಗ ಹೇಗಿದೆ?’ ಹಳೆಯ ಕಾಗದಗಳನ್ನೂ ತೆಗೆದು ನೋಡಿದೆ. ಎಲ್ಲದರಲ್ಲೂ ಅದೇ ಪ್ರಶ್ನೆ. ಗೋಧಿ ಎಲ್ಲಿಯೂ ಇರಲಿಲ್ಲ. ಇಂಥವನ ಮುಂದೆ ವರ್ಷವಿಡೀ ಭತ್ತ ಸುರಿದೆನಲ್ಲ ಎಂದು ನಿಜವಾಗಿ ಸಂಕಟವಾಯಿತು.

ಭಾನುವಾರ ಹರಿಹರಕ್ಕೆ ಹೋದಾಗ ಅವ್ವನಿಗೆ ಇದನ್ನು ತಮಾಷೆಯೆಂಬಂತೆ ಹೇಳಿದೆ. ವಾಸಿಯಾಗಿದೆ ಎಂದು ಬರೆದು ಹಾಕುತ್ತೇನೆ, ಆ ಪದ ದಪ್ಪ ನಿಘಂಟಿನಲ್ಲಿದೆ ಎಂದೆ. ಅವ್ವ ನಗಲಿಲ್ಲ. ಅಕ್ಕಿ ಆರಿಸುತ್ತಿದ್ದ ಮೊರ ಪಕ್ಕಕ್ಕಿಟ್ಟಳು.

“ವಾಸಿ ಆಗೈತೆ ಅಂತ ನಿಂಗೆ ಯಾರು ಹೇಳಿದ್ರು? ಮೆಟ್ಟಿಲು ಇಳಿಯಾಕೆ ಇನ್ನೂ ಆಗಲ್ಲ. ಹೊಳಿಗೆ ಹೋಗಿ ವರ್ಷಾತು. ಪಾಪ, ಅಷ್ಟು ಸಲ ಕೇಳ್ಯಾನೆ, ಅವ್ನಿಗೆ ಹಂಗೇ ಬರಿ.”

ಬರೆದೆ. ಆ ಸುದ್ದಿ ಸೆರ್ಗೆಯನಿಗೆ ಮುಟ್ಟಲು ತಿಂಗಳು ಹಿಡಿಯುತ್ತದೆ. ಪ್ರತಿ ಭಾನುವಾರ ಅವ್ವನ ಕೈಯ ರೊಟ್ಟಿ ತಿಂದು ಬರುತ್ತಿದ್ದ ನನಗೆ ಮುಟ್ಟಲು ಒಂದು ವರ್ಷ ಹಿಡಿದಿತ್ತು.